ಆಟದ ಮಧ್ಯ ರೂಲ್ ಕೈಕೊಟ್ರೆ ಡಿಎಂ ಏನ್ ಮಾಡ್ಬೇಕು

ಹೋದ ಮಳೆಗಾಲದ ಒಂದು ಭಾನುವಾರ, ಚಿಕ್ಕಮಗಳೂರಲ್ಲಿ ನಮ್ಮನೆ ಮಹಡಿ ಮೇಲೆ ಐದು ಜನ ಕೂತಿದ್ವಿ, ಹೊರಗೆ ಜಡಿಮಳೆ, ಕರೆಂಟು ಬೆಳಿಗ್ಗೆನೇ ಹೋಗಿತ್ತು, ಟೇಬಲ್ ಮೇಲೆ ಒಂದು ಎಮರ್ಜೆನ್ಸಿ ಲೈಟು. ಆಡ್ತಿದ್ದಿದ್ದು ಡಂಜನ್ಸ್ ಅಂಡ್ ಡ್ರಾಗನ್ಸ್, ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಮಾತಲ್ಲೇ ಕಥೆ ನಡೆಸೋದು, ಮಾಡಿದ್ದು ಆಗತ್ತೋ ಇಲ್ವೋ ಅಂತ ದಾಳ ಹಾಕಿ ನೋಡೋದು. ಕಥೆ ಹೇಳಿ ತೀರ್ಮಾನ ಕೊಡೋನು ಡಿಎಂ, ಅಂದ್ರೆ ಡಂಜನ್ ಮಾಸ್ಟರ್, ಅದು ನಾನು. ಆಟದೊಳಗೆ ಪಾರ್ಟಿ (ಆಟಗಾರರ ಪಾತ್ರಗಳ ಗುಂಪು) ಕೋಟೆಯ ಮೆಟ್ಟಿಲ ಮೇಲೆ ನಿಂತಿದೆ, ಕೆಳಗಿಂದ ಆರು ಗಾಬ್ಲಿನ್ (ಕುಳ್ಳ ರಾಕ್ಷಸರು) ಹತ್ತಿ ಬರ್ತಿವೆ. ವಿಝಾರ್ಡ್ (ಮಂತ್ರವಾದಿ) ಆಡ್ತಿದ್ದ ನಮ್ಮತ್ತೆ ಮಗ ಗ್ರೀಸ್ ಅನ್ನೋ ಸ್ಪೆಲ್ (ಮಂತ್ರ) ಹಾಕ್ದ, ಮೆಟ್ಟಿಲೆಲ್ಲ ಜಿಡ್ಡು. ತಕ್ಷಣ ರೋಗ್ (ಕಳ್ಳನ ಪಾತ್ರ) ಆಡ್ತಿದ್ದೋನು 'ನಾನು ಪಂಜು ಎಸೀತೀನಿ' ಅಂದ. ಎಲ್ರೂ ನನ್ ಮುಖ ನೋಡಿದ್ರು. ಉರಿಯತ್ತಾ, ಇಲ್ವಾ?

ಪುಸ್ತಕದಲ್ಲಿ ಇಲ್ಲ. ನಾವಾಡೋದು ಐದನೇ ಎಡಿಷನ್, 2014ರದ್ದು. ಅದ್ರಲ್ಲಿ ಗ್ರೀಸ್ ಹತ್ತಡಿ ಚೌಕ ನೆಲ ಮುಚ್ಚತ್ತೆ, ಕಾಲಿಟ್ಟೋರು ಡೆಕ್ಸ್ಟೆರಿಟಿ ಸೇವ್ (ಚುರುಕಾಗಿ ತಪ್ಪಿಸ್ಕೊಳ್ಳೋಕೆ ಹಾಕೋ ದಾಳ) ಗೆಲ್ಲಲಿಲ್ಲ ಅಂದ್ರೆ ಜಾರಿ ಬೀಳ್ತಾರೆ, ಅಷ್ಟೇ, ಬೆಂಕಿ ಬಗ್ಗೆ ಒಂದಕ್ಷರ ಇಲ್ಲ. ಒಬ್ಬ 'ಬರೆದಿಲ್ಲ ಅಂದ್ರೆ ಉರಿಯಲ್ಲ' ಅಂದ, ಇನ್ನೊಬ್ಬ 'ಜಿಡ್ಡಿಗೆ ಬೆಂಕಿ ಹತ್ತಲ್ಲ ಅಂತ ಯಾವನ್ ಹೇಳ್ದ, ಗ್ಯಾರೇಜಿಗೆ ಹೋಗಿ ನೋಡು' ಅಂದ, ನಾನು ಲೈಟಲ್ಲಿ ಪುಟ ತಿರುವ್ತಾ ಕೂತೆ, ಇಪ್ಪತ್ತೈದು ನಿಮಿಷ ಹೋಯ್ತು, ಕಾಫಿ ತಣ್ಣಗಾಯ್ತು, ಹಾಸನದಿಂದ ಬರೋ ಗೆಳೆಯನಿಗೆ ಬೇಲೂರ್ ಮೇಲೆ ಹೋಗೋ ಬಸ್ಸಿನ ಟೈಮಾಯ್ತು, ಅವ್ನು ಎದ್ದು ಹೋದ, ಫೈಟು ಅರ್ಧಕ್ಕೇ ನಿಂತೋಯ್ತು. ಮುಂದಿನ ವಾರ ಯಾವ ಗಾಬ್ಲಿನ್ ಎಲ್ಲಿತ್ತು ಅಂತ ಯಾರಿಗೂ ನೆನಪಿಲ್ಲ.

ಆಮೇಲೆ ನಿಧಾನಕ್ಕೆ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ, ಹೊಸದಾಗಿ ಡಿಎಂ ಆಗಿರೋರಿಗೆ ಉಪಯೋಗಕ್ಕೆ ಬರಬಹುದು. ಬೇರೆ ಸಿಸ್ಟಮ್ ಆಡೋರಿಗೂ ಹೆಚ್ಚುಕಮ್ಮಿ ಇದೇ, ನಂಬರ್ ಬೇರೆ ಇರತ್ತೆ ಅಷ್ಟೆ.

ಮೊದ್ಲು ಒಂದು ಭಯ ಬಿಟ್ಬಿಡಿ. ಪುಸ್ತಕದಲ್ಲಿ ಉತ್ತರ ಇಲ್ಲ ಅಂದ್ರೆ ನಿಮಗೆ ರೂಲ್ಸ್ ಬರಲ್ಲ ಅಂತ ಅಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಈ ಆಟ ತಂದಾಗ ಡಬ್ಬಿಯಲ್ಲಿದ್ದಿದ್ದು ಮೂರು ಚಿಕ್ಕ ಪುಸ್ತಕ, ಡಿಎಂ ಅನ್ನೋ ಹೆಸರೂ ಇರ್ಲಿಲ್ಲ, ರೆಫರಿ ಅಂತಿದ್ರು. ಸಂದು ಬಿದ್ದಲ್ಲಿ ತುಂಬೋಕೇ ಅಂತ ಒಬ್ಬ ಮನುಷ್ಯ ಕೂತಿರೋದು. ನಾವು ಚಿಕ್ಕೋರಿದ್ದಾಗ ಬೀದೀಲಿ ಕ್ರಿಕೆಟ್ ಆಡ್ವಾಗ ಯಾರ ಹತ್ರ ರೂಲ್ ಬುಕ್ ಇತ್ತು ಹೇಳಿ, ಕಾಂಪೌಂಡ್ ಆಚೆ ಹೋದ್ರೆ ಔಟು, ಹಸು ಅಡ್ಡ ಬಂದ್ರೆ ಇನ್ನೊಂದ್ ಸಲ ಹಾಕು, ಮುಗೀತು. ಚೌಕಾಬಾರ ಅಂತೂ ಒಂದೊಂದ್ ಮನೇಲಿ ಒಂದೊಂದ್ ಥರ, ನಮ್ಮಜ್ಜಿ ಒಂದ್ ಕಾಯಿನಾದ್ರೂ ಹೊಡೀದೆ ಒಳಗಿನ ಮನೆಗೆ ಬಿಡ್ತಿರ್ಲಿಲ್ಲ, ಪಕ್ಕದ್ಮನೇಲಿ ಹಾಗೇನಿಲ್ಲ.

ಈಗ ವಿಷ್ಯಕ್ಕೆ ಬರ್ತೀನಿ. ಯಾವ್ದೇ ಜಗಳ ಶುರುವಾದ್ರೂ ಪುಸ್ತಕಕ್ಕೆ ಕೈ ಹಾಕೋ ಮುಂಚೆ ಒಂದು ಪ್ರಶ್ನೆ ಕೇಳಿ, 'ನಿಂಗೆ ಅಲ್ಲಿ ಏನ್ ಕಾಣ್ತಿದೆ ಹೇಳು, ಮತ್ತೆ ಏನಾಗ್ಬೇಕು ಅಂತ ಮಾಡ್ತಿದೀಯ?' ನನ್ ಅನುಭವದಲ್ಲಿ ರೂಲಿನ ಜಗಳ ಅಂದ್ಕೊಂಡಿದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ರೂಲಿನ ಜಗಳಾನೇ ಅಲ್ಲ, ಅವನ ತಲೇಲಿರೋ ಚಿತ್ರ ಬೇರೆ ನನ್ ತಲೇಲಿರೋದು ಬೇರೆ. ಉದಾಹರಣೆಗೆ ಅದೇ ಕೋಟೆ. ನಾನದನ್ನ ಸಕಲೇಶಪುರದ ಮಂಜರಾಬಾದ್ ನೋಡ್ಕೊಂಡು ಮಾಡಿದ್ದೆ, ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ನಕ್ಷತ್ರದ ಆಕಾರ, ಎಂಟು ಮೂಲೆ, ಡಂಜನ್ ಮಾಡೋಕೆ ಅದಕ್ಕಿಂತ ಒಳ್ಳೆ ನಕ್ಷೆ ಬೇಕಾ. ಸುತ್ತ ಕಂದಕ ಇದೆ ಅಂದೆ. ಫೈಟರ್ ಆಡೋನು 'ಹಾರ್ತೀನಿ' ಅಂದ. ನಿಂತಲ್ಲಿಂದ ಹಾರಿದ್ರೆ ಎಷ್ಟು, ಓಡ್ಕೊಂಡ್ ಬಂದು ಹಾರಿದ್ರೆ ಎಷ್ಟು ಅಂತ ಹತ್ತು ನಿಮಿಷ ವಾದ ಆಯ್ತು. ರೂಲು ಸ್ಪಷ್ಟವಾಗೇ ಇದೆ, ಹತ್ತಡಿ ಓಡಿ ಬಂದ್ರೆ ನಿನ್ ಸ್ಟ್ರೆಂತ್ (ಪಾತ್ರದ ಬಲದ ಅಂಕ) ಎಷ್ಟಿದೆಯೋ ಅಷ್ಟು ಅಡಿ, ನಿಂತಲ್ಲಿಂದ ಅದ್ರರ್ಧ. ಅವನ ಸ್ಟ್ರೆಂತ್ 16. ಕೊನೆಗೆ ಕೇಳ್ದೆ, ಕಂದಕ ಅಂದ್ರೆ ನೀನೇನ್ ಅಂದ್ಕೊಂಡೆ ಮಾರಾಯ? ಅವ್ನು 'ನಮ್ ತೋಟದ ಬೇಲಿ ಪಕ್ಕ ಇರತ್ತಲ್ಲ, ಆ ಥರದ್ದು' ಅಂದ. ತೋಟದ ಟ್ರೆಂಚು! ನಾನ್ ಅಂದ್ಕೊಂಡಿದ್ದು ಇಪ್ಪತ್ತಡಿ ಅಗಲ. ಅವನಿಗೆ ಕಂದಕದ ನಿಜವಾದ ಅಳತೆ ಗೊತ್ತಿದ್ರೆ ಹಾರೋ ಮಾತೇ ಎತ್ತುತ್ತಿರ್ಲಿಲ್ಲ, ಹಗ್ಗ ತೆಗೀತಿದ್ದ. ಅವತ್ತಿಂದ ಟೇಬಲ್ ಮೇಲೆ ಒಂದು ಹಾಳೆ ಇಟ್ಟು ಗೀಚ್ತೀನಿ, ಚೌಕಕ್ಕೆ ಐದಡಿ, ಗಾಬ್ಲಿನ್‌ಗಳಿಗೆ ಕಾಫಿಬೀಜ. ಮಿನಿಯೇಚರ್ ತಗೊಳ್ಳೋಕೆ ದುಡ್ಡು ಖರ್ಚು ಮಾಡ್ಬೇಡಿ, ಬೀಜ ಸಾಕು, ಸತ್ತ ಗಾಬ್ಲಿನ್ ಬಾಯಿಗೂ ಹಾಕ್ಕೋಬಹುದು (ಹುರಿದ ಬೀಜ ಆದ್ರೆ).

ಇದರ ಜೊತೆಗೇ ಇನ್ನೊಂದಿದೆ, ಇದು ಕನ್ನಡದಲ್ಲಿ ಆಡೋರಿಗೆ ಮಾತ್ರ ಬರೋ ಕಷ್ಟ. ಪುಸ್ತಕ ಇಂಗ್ಲಿಷಲ್ಲಿದೆ, ಮಾತು ಕನ್ನಡದಲ್ಲಿ. 'ಹೊಡೆದೆ' ಅಂತಾರೆ. ಹೊಡೆದೆ ಅಂದ್ರೆ ಕತ್ತಿ ಬೀಸಿದ್ದೋ, ತಾಗಿದ್ದೋ? ಪುಸ್ತಕದಲ್ಲಿ ಅಟ್ಯಾಕ್ ಬೇರೆ, ಹಿಟ್ ಬೇರೆ, ಕೆಲವು ಪವರ್ ಹಿಟ್ ಆದ್ಮೇಲೆ ಮಾತ್ರ ಕೆಲ್ಸ ಮಾಡೋದು. ನಮ್ಮಲ್ಲಿ ಪ್ಯಾಲಡಿನ್ (ದೇವರ ಬಲ ಇರೋ ಯೋಧ) ಆಡೋರು 'ಹೊಡೆದೆ, ಸ್ಮೈಟ್ ಹಾಕ್ದೆ' ಅಂತ ಒಂದೇ ಉಸಿರಲ್ಲಿ ಹೇಳೋರು, ಸ್ಮೈಟ್ ಅಂದ್ರೆ ಸ್ಪೆಲ್ ಸ್ಲಾಟ್ (ಇಷ್ಟೇ ಅಂತ ಎಣಿಸಿಟ್ಟ ಮಂತ್ರದ ಖಾತೆ) ಒಂದು ಖರ್ಚು ಮಾಡಿ ಏಟಿಗೆ ಸೇರಿಸೋ ಹೆಚ್ಚಿನ ಪೆಟ್ಟು, ರೋಲ್ (ದಾಳ) ಮಿಸ್ ಆದ್ರೆ ಆ ಸ್ಲಾಟ್ ಹೋಯ್ತಾ ಉಳೀತಾ ಅಂತ ಪ್ರತೀ ಸಲ ಗಲಾಟೆ. ಉಳೀತು ಕಣ್ರೀ, ಸ್ಮೈಟ್ ಹಾಕೋ ಪ್ರಶ್ನೆ ಬರೋದೇ ಹಿಟ್ ಆದ್ಮೇಲೆ. ಈಗ ನಾವು 'ಬೀಸ್ದೆ', 'ತಾಗ್ತು' ಅಂತ ಎರಡು ಮಾತು ಇಟ್ಕೊಂಡಿದೀವಿ, ಆ ಜಗಳ ಅಲ್ಲಿಗೇ ಸತ್ತೋಯ್ತು.

ಹಾಗೇ 'ನಾನು ಕಾಣಲ್ಲ'. ಇನ್ವಿಸಿಬಲ್ ಆದೋನು ಕಣ್ಣಿಗೆ ಕಾಣಲ್ಲ ನಿಜ, ಅವನಿಗೆ ಹೊಡೆಯೋರಿಗೆ ಡಿಸ್‌ಅಡ್ವಾಂಟೇಜ್, ಅವ್ನು ಹೊಡೆದ್ರೆ ಅಡ್ವಾಂಟೇಜ್ (ಮೊದಲನೇದ್ರಲ್ಲಿ ಎರಡು ದಾಳ ಹಾಕಿ ಚಿಕ್ಕದು ತಗೋಬೇಕು, ಎರಡನೇದ್ರಲ್ಲಿ ದೊಡ್ಡದು), ಆದ್ರೆ ಅವ್ನು ಎಲ್ಲಿದಾನೆ ಅಂತ ಗೊತ್ತಾಗ್ಬಾರ್ದು ಅಂದ್ರೆ ಬೇರೆಯಾಗಿ ಹೈಡ್ ಆಕ್ಷನ್ ತಗೋಬೇಕು, ಅಂದ್ರೆ ಆ ಟರ್ನಿನ ಮುಖ್ಯ ಕೆಲ್ಸವಾಗಿ ಅಡಗ್ಬೇಕು. ಕಾಣದೇ ಇರೋದು ಬೇರೆ, ಅಡಗಿರೋದು ಬೇರೆ. ಕತ್ತಲಲ್ಲಿ ಅಟ್ಟದ ಮೇಲೆ ಇಲಿ ಓಡಾಡಿದ್ರೆ ನಮಗೆ ಕಾಣತ್ತಾ, ಇಲ್ಲ, ಆದ್ರೆ ಯಾವ ಮೂಲೇಲಿದೆ ಅಂತ ಗೊತ್ತಾಗಲ್ವಾ. ಇಷ್ಟು ಹೇಳಿದ್ಮೇಲೆ ಯಾರೂ ತಿರುಗಿ ಕೇಳಿಲ್ಲ.

ಚಿತ್ರ ಸರಿಯಾಯ್ತು, ಮಾತೂ ಸರಿಯಾಯ್ತು, ಆದ್ರೂ ರೂಲ್ ಗೊತ್ತಾಗ್ತಿಲ್ಲ ಅನ್ನಿ. ಆವಾಗ ಹುಡುಕಿ, ಆದ್ರೆ ನೀವಲ್ಲ. ಯಾರ ಟರ್ನ್ ಅಲ್ವೋ ಅವ್ರಿಗೆ ಕೊಡಿ. ಎಲ್ಲಾ ಗುಂಪಲ್ಲೂ ಒಬ್ಬ ವಕೀಲ ಇರ್ತಾನೆ, ಕಾಮಾ ಸಮೇತ ಓದಿರೋನು, ಡಿಎಂಗಳೆಲ್ಲ ಅವನನ್ನ ಬೈಕೋತಾರೆ, ನಾನೂ ಬೈಕೋತಿದ್ದೆ, ಈಗ ಅವನೇ ನನ್ನ ಬಲಗೈ. 'ವಕೀಲ್ರೇ, ಎರಡು ನಿಮಿಷ' ಅಂತೀನಿ, ಅವ್ನು ಹುಡುಕ್ತಿರ್ತಾನೆ, ನಾನು ಮುಂದಿನ ಟರ್ನ್ ನಡೆಸ್ತೀನಿ. ಸಿಕ್ಕಿದ್ರೆ ಓದ್ತಾನೆ, ಸಿಗ್ಲಿಲ್ಲ ಅಂದ್ರೆ ನಾನ್ ಹೇಳಿದ್ದು ಇವತ್ತಿಗೆ ರೂಲು. ಒಂದು ಉಪಾಯ, ಎಸ್‌ಆರ್‌ಡಿ 5.1 ಅಂತ ಮೂಲ ರೂಲ್ಸಿನ ಪಿಡಿಎಫ್ ಇದೆ, 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿ ಬಿಟ್ಟಿದ್ದು, ಫ್ರೀ. ಅದನ್ನ ಮೊದ್ಲೇ ಫೋನಲ್ಲಿ ಇಳಿಸಿಟ್ಕೊಳ್ಳಿ, ನಮ್ಮ ಕಡೆ ಮಳೆ ಬಂತು ಅಂದ್ರೆ ಕರೆಂಟಿನ ಹಿಂದೇನೇ ನೆಟ್ವರ್ಕೂ ಹೋಗತ್ತೆ. ಸಾಮಾನ್ಯ ರೂಲೂ ಒಂದು ನಿರ್ದಿಷ್ಟ ರೂಲೂ ಡಿಕ್ಕಿ ಹೊಡೆದ್ರೆ ನಿರ್ದಿಷ್ಟದ್ದೇ ಗೆಲ್ಲೋದು, ಇದು ಪುಸ್ತಕದಲ್ಲೇ ಇದೆ, ಅರ್ಧ ಗೊಂದಲ ಇಷ್ಟರಲ್ಲೇ ಮುಗಿಯತ್ತೆ.

ಪುಸ್ತಕದಲ್ಲಿ ಇಲ್ವೇ ಇಲ್ಲ ಅಂದ್ರೆ? ಗಾಳಿಯಿಂದ ನಂಬರ್ ತೆಗೀಬೇಡಿ, ಪಕ್ಕದಲ್ಲಿ ಯಾವ ರೂಲಿದೆ ನೋಡಿ. ಗ್ರೀಸಿಗೆ ವಾಪಸ್ ಬರ್ತೀನಿ. ಮುಂದಿನ ವಾರ ನಾವ್ ಮಾಡಿದ್ದು ಇದು. ಉರಿಯೋ ಜಿಡ್ಡು ಪುಸ್ತಕದಲ್ಲಿ ಬೇರೆಲ್ಲಾದ್ರೂ ಇದೆಯಾ? ಇದೆ, ದೀಪದ ಎಣ್ಣೆ. ಒಂದು ಸೀಸೆ ಎಣ್ಣೆ ನೆಲಕ್ಕೆ ಸುರಿದು ಹಚ್ಚಿದ್ರೆ ಐದಡಿ ಚೌಕ, ಎರಡು ರೌಂಡ್ (ಎಲ್ರ ಟರ್ನೂ ಒಂದೊಂದ್ ಸಲ ಮುಗಿದ್ರೆ ಒಂದು ರೌಂಡ್) ಉರಿಯತ್ತೆ, ಒಳಗೆ ಬಂದೋರಿಗೆ ಅಥವಾ ಅಲ್ಲೇ ಟರ್ನ್ ಮುಗಿಸಿದೋರಿಗೆ 5 ಡ್ಯಾಮೇಜ್ (ಪೆಟ್ಟಿನ ಅಂಕ). ಸರಿ, ಗ್ರೀಸೂ ಹಾಗೇ ಉರೀಲಿ ಅಂದೆ. ವಕೀಲ ಕೈ ಎತ್ತಿದ, 'ಅಣ್ಣ, ಎಣ್ಣೆ ರೂಲಲ್ಲಿ ನೆಲ ಸಮತಟ್ಟಾಗಿರ್ಬೇಕು ಅಂತಿದೆ, ಇದು ಮೆಟ್ಟಿಲು.' ಎಲ್ರೂ ನಕ್ರು, ಆದ್ರೆ ಪಾಯಿಂಟ್ ಸರಿಯಾಗೇ ಇತ್ತು, ಎಣ್ಣೆ ಮೆಟ್ಟಿಲಲ್ಲಿ ಹರಿದು ಹೋಗತ್ತೆ. ಗ್ರೀಸು ಗಟ್ಟಿ, ಅಂಟ್ಕೊಂಡಿರತ್ತೆ ಅಂತ ತೀರ್ಮಾನ ಆಯ್ತು. ಆಮೇಲೆ ಮೇಲಿನ ಮಿತಿ ನೋಡ್ಬೇಕು. ಬರ್ನಿಂಗ್ ಹ್ಯಾಂಡ್ಸ್ ಕೂಡ ಮೊದಲ ಲೆವೆಲ್ ಸ್ಪೆಲ್ಲೇ, ಬೆಂಕಿ ಹಾಕೋದೇ ಅದರ ಕೆಲ್ಸ, 3ಡಿ6 (ಆರು ಮುಖದ ಮೂರು ದಾಳ) ಕೊಡತ್ತೆ, ಅಂದ್ರೆ ಸರಾಸರಿ ಹತ್ತೂವರೆ. ಜಾರಿಸೋಕೆ ಇರೋ ಸ್ಪೆಲ್ಲು ಅದನ್ನ ಮೀರಿಸ್ಬಾರ್ದು. ಎರಡು ರೌಂಡು ಐದೈದು ಅಂದ್ರೆ ಹತ್ತು, ಮಿತಿಯೊಳಗೇ ಬಂತು, ಅದೂ ಗಾಬ್ಲಿನ್ ಅಲ್ಲೇ ನಿಂತಿದ್ರೆ. ಜೊತೆಗೆ ಉರಿದ ಜಿಡ್ಡು ಮುಗೀತು, ಆಮೇಲೆ ಯಾರೂ ಜಾರಲ್ಲ. ಬೆಂಕಿ ಬೇಕಾ, ಜಾರಿಕೆ ಬೇಕಾ, ಆರಿಸ್ಕೋ.

ಈ ಕೊನೇ ಸಾಲು ಮುಖ್ಯ. ಆಟಗಾರರ ಐಡಿಯಾಗೆ ಹೂಂ ಅನ್ನಿ, ಆದ್ರೆ ಅದಕ್ಕೊಂದು ಬೆಲೆ ಕಟ್ಟಿ. ಮತ್ತೆ ಹೂಂ ಅನ್ನೋ ಮುಂಚೆ ಮನಸ್ಸಲ್ಲೇ ಎರಡು ಕೇಳ್ಕೊಳ್ಳಿ, ಇವ್ರು ಇದನ್ನೇ ಪ್ರತೀ ಫೈಟಲ್ಲೂ ಮಾಡಿದ್ರೆ ನಂಗೆ ಓಕೆನಾ, ನಾಳೆ ಗಾಬ್ಲಿನ್ ಇವ್ರ ಮೇಲೆ ಇದನ್ನೇ ಮಾಡಿದ್ರೆ ಇವ್ರಿಗೆ ಓಕೆನಾ. ಎರಡನೇದನ್ನ ಜೋರಾಗೇ ಕೇಳಿ ನೋಡಿ, ಮಜಾ ಇರತ್ತೆ. ಕ್ರಿಯೇಟ್ ವಾಟರ್ ಸ್ಪೆಲ್ಲಲ್ಲಿ ಶತ್ರು ಶ್ವಾಸಕೋಶದೊಳಗೆ ನೀರು ತುಂಬಿಸ್ತೀನಿ ಅಂತ ಒಬ್ರಾದ್ರೂ ಬಂದೇ ಬರ್ತಾರೆ. ಪುಸ್ತಕದಲ್ಲಿ ತೆರೆದ ಪಾತ್ರೆ ಅಂತಿದೆ, ಮನುಷ್ಯನ ಎದೆ ಕೊಡಪಾನ ಅಲ್ಲ ಅಂತ ವಾದ ಮಾಡಬಹುದು, ಆದ್ರೆ ನಾನ್ ಹೇಳಿದ್ದಿಷ್ಟೆ, 'ಸರಿ, ಆದ್ರೆ ಆ ಕಡೆ ಪೂಜಾರಿಗೂ ಅದೇ ಸ್ಪೆಲ್ ಬರತ್ತೆ.' ತಕ್ಷಣ ವಾಪಸ್ ತಗೊಂಡ. 'ಸೈನ್ಸ್ ಪ್ರಕಾರ' ಅಂತ ಶುರು ಮಾಡೋರಿಗೂ ಇದೇ ಮದ್ದು. ಒಂದು ರೌಂಡ್ ಅಂದ್ರೆ ಆರು ಸೆಕೆಂಡು, ಹಾಗಾಗಿ ಸಾವಿರ ರೈತರನ್ನ ಸಾಲಾಗಿ ನಿಲ್ಸಿ ಆರೇ ಸೆಕೆಂಡಲ್ಲಿ ಕೈಯಿಂದ ಕೈಗೆ ಈಟಿ ದಾಟ್ಸಿದ್ರೆ ಅದು ಬುಲೆಟ್ ಥರ ಹೋಗತ್ತೆ ಅನ್ನೋ ಹಳೇ ತಮಾಷೆ ಇದೆ. ಅರ್ಧ ರೂಲು ಅರ್ಧ ಫಿಸಿಕ್ಸು ಸೇರಿಸಿ ಮಾಡಿದ ಸಾರು ಅದು. ಈಟಿ ಕೈ ದಾಟೋದು ರೂಲಿನ ಪ್ರಕಾರ ಆದ್ರೆ ಡ್ಯಾಮೇಜೂ ರೂಲಿನ ಪ್ರಕಾರಾನೇ, ಒಂದು ಈಟಿಯಷ್ಟು.

ಪಕ್ಕದ ರೂಲೂ ಸಿಗ್ಲಿಲ್ಲ ಅಂದ್ರೆ ಇರೋದು ಎರಡೇ ಆಯುಧ, ಅವೆರಡರಲ್ಲೇ ಮುಕ್ಕಾಲು ಸೆಷನ್ ನಡೆಸ್ಬಹುದು. ಡಿಸಿ (ಗೆಲ್ಲೋಕೆ ದಾಳದಲ್ಲಿ ಮುಟ್ಟಬೇಕಾದ ಅಂಕ) ಮತ್ತೆ ಅಡ್ವಾಂಟೇಜ್. ಸುಲಭ 10, ಮಧ್ಯಮ 15, ಕಷ್ಟ 20. ಪಾಚಿ ಹಿಡಿದ ಹೆಂಚಿನ ಮೇಲೆ ಮಳೇಲಿ ಓಡ್ತೀನಿ ಅಂದ್ರೆ? ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಾಯಿಸೋಕೆ ಮಾಡು ಹತ್ತಿದೋರಿಗೆ ಗೊತ್ತು, 15ಕ್ಕೆ ಕಮ್ಮಿ ಇಲ್ಲ. ಹಗ್ಗ ಕಟ್ಕೊಂಡು ಓಡಿದ್ರೆ ಅಡ್ವಾಂಟೇಜ್, ಎರಡು ಡಿ20 ಹಾಕಿ ದೊಡ್ಡದು ತಗೋ. ಕೈಯಲ್ಲಿ ಮೂಟೆ ಇದ್ರೆ ಉಲ್ಟಾ. ಬಿದ್ರೆ ಹತ್ತಡಿಗೊಂದು ಡಿ6. ಬೇರೆ ಏನಾದ್ರೂ ಮೈಮೇಲೆ ಬಿದ್ರೆ, ಕಪಾಟೋ ಕಲ್ಲೋ, ಡಿಎಂ ಪುಸ್ತಕದಲ್ಲಿ ಒಂದು ಸಣ್ಣ ಟೇಬಲ್ ಇದೆ, ಪುಸ್ತಕದ ಕಪಾಟು ಬಿದ್ರೆ 1ಡಿ10, ಬೆಂಕಿ ಗುಂಡಿಗೆ ಬಿದ್ರೆ 2ಡಿ10, ಸುರಂಗ ಕುಸಿದು ಕಲ್ಲು ಮಣ್ಣು ಬಿದ್ರೆ 4ಡಿ10. ಅದನ್ನ ಒಂದು ಚೀಟೀಲಿ ಬರ್ದು ಡಿಎಂ ಮುಂದೆ ಅಡ್ಡ ನಿಲ್ಸೋ ರಟ್ಟಿನ ಸ್ಕ್ರೀನಿಗೆ ಅಂಟಿಸಿ.

ತೀರ್ಮಾನ ಹೇಳ್ವಾಗ ರೋಲ್ ಮಾಡೋಕೆ ಮುಂಚೆ ಹೇಳಿ. ದಾಳ ಬಿದ್ಮೇಲೆ 'ಅಂದಹಾಗೆ ಡಿಸಿ ಇಷ್ಟು' ಅಂದ್ರೆ ಮೋಸ ಮಾಡಿದಂಗೆ ಕಾಣತ್ತೆ, ನೀವು ಮಾಡದೇ ಇದ್ರೂ. ಡಿಸಿ ಹೇಳಿ, ಸೋತ್ರೆ ಏನಾಗತ್ತೆ ಹೇಳಿ, ಆಮೇಲೆ 'ಬೇಡ ಅಂದ್ರೆ ಬೇರೆ ಏನಾದ್ರೂ ಮಾಡು' ಅನ್ನಿ.

ಎಡಿಷನ್ ವಿಷ್ಯ ಬೇಗ ಮುಗಿಸ್ತೀನಿ. 2024ರಲ್ಲಿ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಂತು, ಒಂದಿಷ್ಟು ಬದಲಾಗಿದೆ. ಹಳೇದ್ರಲ್ಲಿ ಪೋಶನ್ (ಮಂತ್ರದ ಮದ್ದು) ಕುಡಿಯೋಕೆ ಆಕ್ಷನ್ ಬೇಕು, ಹೊಸದ್ರಲ್ಲಿ ಬೋನಸ್ ಆಕ್ಷನ್ (ಮುಖ್ಯ ಕೆಲ್ಸದ ಜೊತೆಗೇ ಮಾಡೋ ಸಣ್ಣ ಕೆಲ್ಸ) ಸಾಕು. ಹಳೇದ್ರಲ್ಲಿ ಸರ್‌ಪ್ರೈಸ್ ಆದೋನು ಮೊದಲ ಟರ್ನ್ ಪೂರ್ತಿ ಕಳ್ಕೋತಾನೆ, ಹೊಸದ್ರಲ್ಲಿ ಇನಿಷಿಯೇಟಿವ್ (ಯಾರ ಟರ್ನ್ ಮೊದ್ಲು ಅಂತ ನೋಡೋ) ರೋಲಿಗೆ ಡಿಸ್‌ಅಡ್ವಾಂಟೇಜ್ ಅಷ್ಟೆ. ಒಬ್ಬ ಹೊಸದು ಓದಿ ಬಂದಿರ್ತಾನೆ, ಇನ್ನೊಬ್ಬ ಹಳೇದು, ಇಬ್ರೂ ಸರಿ, ಇಬ್ರೂ ಕಿತ್ತಾಡ್ತಿರ್ತಾರೆ. ಯಾವ್ದು ಆಡ್ತೀರ ಅಂತ ಮೊದಲ ದಿನಾನೇ ಹೇಳಿ. ನಾವು ಹಳೇದು, ಪೋಶನ್ ಮಾತ್ರ ಹೊಸದ್ರಿಂದ ಸಾಲ ತಗೊಂಡಿದೀವಿ. ಅಂದಹಾಗೆ ಆ ಗ್ರೀಸು, ಹೊಸ ಪುಸ್ತಕದಲ್ಲಿ ಅದು ಉರಿಯಲ್ಲ ಅಂತ ನೇರವಾಗೇ ಬರ್ದಿದಾರೆ. ನಮ್ ಟೇಬಲ್ಲಲ್ಲಿ ಈಗ್ಲೂ ಉರಿಯತ್ತೆ.

ಯಾಕಂದ್ರೆ ಅದು ಪುಸ್ತಕಕ್ಕೆ ಹತ್ತಿದೆ. ನಮ್ ಪುಸ್ತಕಕ್ಕೆ. ತೋಟದ ಆಳುಗಳ ಹಾಜರಿ ಬರಿಯೋ ಉದ್ದ ಪುಸ್ತಕ ಇರತ್ತಲ್ಲ, ಅಂಥದ್ದೊಂದು ಖಾಲಿ ಇತ್ತು ಮನೇಲಿ, ಅದ್ರಲ್ಲಿ ಬರೀತೀವಿ. ಆಟದ ಮಧ್ಯ ಕೊಟ್ಟ ತೀರ್ಮಾನ ಪೆನ್ಸಿಲಲ್ಲಿ, ಒಂದೇ ಸಾಲು, ತಾರೀಖು. ಮುಂದಿನ ವಾರ ಶುರು ಮಾಡೋ ಮುಂಚೆ ಕಾಫಿ ಕುಡೀತಾ ಪೆನ್ಸಿಲ್ ಸಾಲು ಓದ್ತೀವಿ, ಎಲ್ರಿಗೂ ಸರಿ ಅನ್ಸಿದ್ರೆ ಪೆನ್ನಲ್ಲಿ ತಿದ್ತೀವಿ, ಇಲ್ಲಾಂದ್ರೆ ರಬ್ಬರ್. ಇದ್ರಿಂದ ಏನಾಯ್ತು ಅಂದ್ರೆ ಆಟದ ಮಧ್ಯ ಜಗಳ ಆಡೋಕೆ ಯಾರಿಗೂ ಅವಸರ ಇಲ್ಲ, 'ಪೆನ್ಸಿಲಲ್ಲಿ ಬರಿ, ಮುಂದಿನ ವಾರ ಮಾತಾಡಣ' ಅಂತ ಅವ್ರೇ ಹೇಳ್ತಾರೆ. ಗುಂಪಲ್ಲಿ ಮೆಸೇಜ್ ಹಾಕಿ ವಾರವೆಲ್ಲ ವಾದ ಮಾಡೋಕೆ ಹೋಗ್ಬೇಡಿ ಮಾತ್ರ, ನಾವ್ ಹಾಗ್ ಮಾಡಿ ಒಬ್ಬ ಎರಡು ವಾರ ಬರ್ಲೇ ಇಲ್ಲ.

ಇಷ್ಟೆಲ್ಲ ಬೇಗ ಬೇಗ ಅಂತ ಹೇಳಿದ್ನಲ್ಲ, ಅದು ಒಂದು ಕಡೆ ನಡಿಯಲ್ಲ, ಯಾರಾದ್ರೂ ಕ್ಯಾರೆಕ್ಟರ್ ಸಾಯೋ ಹಂತದಲ್ಲಿದ್ರೆ. ಅಲ್ಲಿ ಆಟ ನಿಲ್ಸಿ, ಪುಸ್ತಕ ತೆಗೀರಿ, ಬಸ್ಸು ಹೋದ್ರೆ ಹೋಗ್ಲಿ. ಇದನ್ನ ನಾನು ತಪ್ಪು ಮಾಡೇ ಕಲ್ತಿದ್ದು. ಮೂಡಿಗೆರೆಯಿಂದ ಬರೋ ಒಬ್ರು ಅಕ್ಕ ಕ್ಲೆರಿಕ್ (ಗಾಯ ವಾಸಿ ಮಾಡೋ ಪೂಜಾರಿಣಿ) ಆಡ್ತಿದ್ರು, ಹತ್ತಿರತ್ತಿರ ವರ್ಷದಿಂದ ಒಂದೇ ಕ್ಯಾರೆಕ್ಟರು. ಕ್ಲೆರಿಕ್ ಸೊನ್ನೆ ಹಿಟ್ ಪಾಯಿಂಟಿಗೆ (ಜೀವದ ಅಂಕ) ಬಂದು ಪ್ರಜ್ಞೆ ತಪ್ಪಿ ಬಿದ್ದಿದಾಳೆ, ಡೆತ್ ಸೇವ್ (ಸಾಯ್ದೇ ಉಳಿಯೋಕೆ ಹಾಕೋ ದಾಳ, ಮೂರು ಫೇಲ್ ಆದ್ರೆ ಸಾವು) ಒಂದು ಫೇಲ್ ಆಗಿದೆ. ಮೂವತ್ತಡಿ ದೂರದಿಂದ ಗಾಬ್ಲಿನ್ ಬಾಣ ಬಿಡ್ತು. ಪ್ರಜ್ಞೆ ತಪ್ಪಿದೋರ ಮೇಲೆ ಅಡ್ವಾಂಟೇಜ್, ತಾಗಿದ್ರೆ ಕ್ರಿಟಿಕಲ್ (ಮಾಮೂಲಿಗಿಂತ ಜೋರಾದ ಏಟು), ಕ್ರಿಟಿಕಲ್ ಆದ್ರೆ ಎರಡು ಫೇಲ್ಯೂರ್, ನಂಗೆ ಬಾಯಿಪಾಠ. ಎರಡು ದಾಳ ಹಾಕ್ದೆ, ತಾಗ್ತು, ಒಂದೂ ಎರಡೂ ಮೂರು, ಸತ್ಲು. ಅಕ್ಕ ಏನೂ ಹೇಳ್ಲಿಲ್ಲ, ಕ್ಯಾರೆಕ್ಟರ್ ಶೀಟ್ ಮಡಚಿ ಬ್ಯಾಗಿಗೆ ಹಾಕ್ಕೊಂಡ್ರು.

ರಾತ್ರಿ ಮಲಗೋ ಮುಂಚೆ ಸುಮ್ನೆ ಓದ್ದೆ. ತಾಗಿದ್ದು ತಂತಾನೇ ಕ್ರಿಟಿಕಲ್ ಆಗೋದು ಹೊಡೆಯೋನು ಐದಡಿ ಒಳಗಿದ್ರೆ ಮಾತ್ರ. ಮತ್ತೆ ಪ್ರಜ್ಞೆ ತಪ್ಪಿದೋರು ಬಿದ್ದಿರ್ತಾರೆ, ಬಿದ್ದಿರೋರಿಗೆ ದೂರದಿಂದ ಹೊಡೆದ್ರೆ ಡಿಸ್‌ಅಡ್ವಾಂಟೇಜ್, ಅದೂ ಇದೂ ಸೇರಿ ವಜಾ, ಒಂದೇ ದಾಳ ಹಾಕ್ಬೇಕಿತ್ತು. ತಾಗಿದ್ರೂ ಒಂದೇ ಫೇಲ್ಯೂರು, ಹಳೇದೂ ಸೇರಿ ಎರಡು. ಕ್ಲೆರಿಕ್ ಸತ್ತೇ ಇರ್ಲಿಲ್ಲ.

ಆಗಿದ್ದನ್ನ ಪೂರ್ತಿ ಹಿಂದಕ್ಕೆ ತಿರುಗಿಸ್ಬೇಡಿ ಅಂತ ಎಲ್ರೂ ಹೇಳ್ತಾರೆ, ಸಣ್ಣ ತಪ್ಪಿಗೆ ಅದು ಸರಿ, ಮುಂದಿನ ಸಲ ಸರಿ ಮಾಡ್ಕೊಂಡ್ರೆ ಸಾಕು. ಸಾವಿಗೆ ಮಾತ್ರ ಹಾಗಲ್ಲ. ಬೆಳಿಗ್ಗೆನೇ ಫೋನ್ ಮಾಡ್ದೆ, ಗುಂಪಲ್ಲಲ್ಲ, ಅವ್ರಿಗೊಬ್ರಿಗೇ. 'ಅಕ್ಕಾ, ನಾನ್ ತಪ್ಪು ಮಾಡ್ದೆ, ಇದು ಸಾವಲ್ಲ, ನಿಮಗ್ ಹೇಗ್ ಬೇಕೋ ಹಾಗೆ ಮಾಡೋಣ' ಅಂದೆ, ಮೂರು ದಾರಿ ಇಟ್ಟೆ, ಬದುಕಿದ್ಲು ಅಂತ ಅಲ್ಲಿಂದಾನೇ ಮುಂದುವರಿಸೋದು, ಗಾಬ್ಲಿನ್‌ಗಳು ಹೊತ್ಕೊಂಡ್ ಹೋದ್ವು ಅಂತ ಬಿಡಿಸೋಕೆ ಹೋಗೋದು, ಇಲ್ಲಾ ಹೊಸ ಕ್ಯಾರೆಕ್ಟರು. ಅವ್ರು ಒಂಚೂರು ಸುಮ್ನಿದ್ದು, 'ನಾನ್ ರಾತ್ರಿನೇ ಹೊಸದು ಮಾಡ್ಬಿಟ್ಟೆ ಕಣೋ, ಡ್ರೂಯಿಡ್ಡು, ಚೆನ್ನಾಗ್ ಬಂದಿದೆ, ಕ್ಲೆರಿಕ್ನ ನೀನೇ ಇಟ್ಕೋ, ಸಾಯಿಸ್ಬೇಡ' ಅಂದ್ರು. ಹಾಗಾಗಿ ಆ ಕ್ಲೆರಿಕ್ ಈಗ ಕೋಟೆ ಕೆಳಗಿನ ಊರಲ್ಲಿ ದೇವಸ್ಥಾನ ನೋಡ್ಕೊಂಡಿದಾಳೆ, ಪಾರ್ಟಿಗೆ ಗಾಯ ಆದ್ರೆ ಅಲ್ಲಿಗೇ ಹೋಗೋದು, ಪ್ರತೀ ಸಲ ಅವಳ ಬಾಯಲ್ಲಿ ಬೈಸ್ಕೊಂಡೇ ಬರೋದು.

ಅಕ್ಕ ಮಾತ್ರ, ಇವತ್ತಿಗೂ ನಾನು ಯಾವ್ದಾದ್ರೂ ಗಾಬ್ಲಿನ್ ಬಿಲ್ಲಿಗೆ ಬಾಣ ಹೂಡ್ತು ಅಂದೆ ಅಂದ್ರೆ, ಡ್ರೂಯಿಡ್ಡಿನ ಶೀಟಿಂದ ತಲೆ ಎತ್ತದೇನೇ ಕೇಳ್ತಾರೆ, 'ಎಷ್ಟಡಿ ದೂರ?'